ಗರ್ಭಕೋಶದಲ್ಲಿ 3 ಸೆಂ.ಮೀ. ಗಡ್ಡೆ ಉಂಟು, ಬೆಳಕಿನ ಚಿಕಿತ್ಸೆ ಮಂಗಳೂರಲ್ಲಿ ಎಲ್ಲಿ ಸಿಗುತ್ತದೆ?

ಅಯ್ಯೋ, 'ಆಪರೇಷನ್ ಬೇಡ, ಬೆಳಕಿನಲ್ಲಿ ಕರಗಿಸುವುದು ಎಲ್ಲುಂಟು' ಅಂತ ನಾನೂ ರಾತ್ರಿಯಿಡೀ ಮೊಬೈಲಲ್ಲಿ ಹುಡುಕಿದವಳೇ. ಉಡುಪಿಯಲ್ಲಿ ಮಾಡಿಸಿದ ಸ್ಕ್ಯಾನಿನಲ್ಲಿ '2.5 ಸೆಂ.ಮೀ. ಸಬ್‌ಮ್ಯೂಕಸ್ ಫೈಬ್ರಾಯ್ಡ್' ಅಂತಿತ್ತು, ಅಂದರೆ ಗರ್ಭಕೋಶದ ಒಳಪದರದ ಅಡಿಯ ಗಡ್ಡೆ. ನಾನು ನೋಡಿದ್ದು 2.5 ಮಾತ್ರ. ಪಕ್ಕದ ಮನೆ ಅಕ್ಕ 7 ಸೆಂ.ಮೀ. ಗಡ್ಡೆ ಇಟ್ಟುಕೊಂಡು ಆರಾಮಾಗಿ ಮೀನು ಮಾರ್ಕೆಟಿಗೆ ಹೋಗಿಬರುತ್ತಿದ್ದರು, ನನ್ನದೆಂತ ಮಹಾ ಅಂದುಕೊಂಡೆ. ಎಡವಿದ್ದು ಅಲ್ಲೇ. ಅವರದ್ದು ಗರ್ಭಕೋಶದ ಹೊರಮೈಯಲ್ಲಿ. ಹೊಟ್ಟೆ ಭಾರ ಮಾಡೀತು, ಪದೇಪದೇ ಮೂತ್ರಕ್ಕೆ ಓಡಿಸೀತು, ಅಷ್ಟೇ. ನನ್ನದು ಮುಟ್ಟಿನಲ್ಲಿ ಉದುರುವ ಒಳಪದರದ ಅಡಿಯಲ್ಲೇ ಕೂತು ಒಳಕ್ಕೆ ಚಾಚಿತ್ತು. ಅಂಥದ್ದು ಸಣ್ಣದಿದ್ದರೂ ರಕ್ತ ಸುರಿಸುತ್ತದೆ. ಗಾತ್ರಕ್ಕಿಂತ ಜಾಗ ದೊಡ್ಡದು ಮಾರಾಯ್ರೆ!

ಹೊಸ ಚಿಕಿತ್ಸೆ ಬರಲಿ ಅಂತ ಕಾದೆ. ಅತ್ತೆ 'ಮುಟ್ಟು ನಿಲ್ಲುವ ಪ್ರಾಯ, ಹಾಗೇ' ಅಂದರು, ಬೀಟ್ರೂಟ್ ಜ್ಯೂಸ್ ಕುಡಿದೆ. ಕಡೆಗೆ ಸಿಟಿ ಬಸ್ ಹತ್ತುವಾಗ ಕಣ್ಣು ಕತ್ತಲೆ ಬಂದು ಕಂಡಕ್ಟರ್ ಹಿಡಿದುಕೊಂಡ. ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ 6.4. ರಕ್ತ ಕೊಟ್ಟ ಮೇಲೇ ಮುಂದಿನ ಮಾತು. ಆಮೇಲೆ ಹಿಸ್ಟರೋಸ್ಕೋಪಿ: ಹೊಟ್ಟೆಗೆ ಒಂದು ಗಾಯ ಇಲ್ಲ, ಕೆಳಗಿನಿಂದಲೇ ಕ್ಯಾಮೆರಾ ಇರುವ ಸಪೂರ ನಳಿಗೆ ಹಾಕಿ ಗಡ್ಡೆ ಕೆತ್ತಿ ತೆಗೆದರು. ಮರುದಿನ ಮನೆ. ಗರ್ಭಕೋಶ ಅಲ್ಲೇ ಉಂಟು. ನಾನು ಹೆದರಿ ಕೂತಿದ್ದ ದೊಡ್ಡ ಆಪರೇಷನ್ ನನಗೆ ಬೇಕಾಗಿಯೇ ಇರಲಿಲ್ಲ.

ಬೆಳಕಿನದ್ದು ಸುಳ್ಳಲ್ಲ. ಅಮೈನೋಲೆವುಲಿನಿಕ್ ಆಮ್ಲ ಅನ್ನುವ ಮದ್ದು ಜೀವಕೋಶದೊಳಗೆ ಪ್ರೋಟೋಪಾರ್ಫಿರಿನ್ ಆಗುತ್ತದೆ. ಕೆಂಪು ಬೆಳಕು ಬಿದ್ದರೆ ಅಲ್ಲಿನ ಆಮ್ಲಜನಕವನ್ನು ಕೆರಳಿಸಿ ಕೋಶವನ್ನು ಕೊಲ್ಲುತ್ತದೆ. ಬಿಸಿಲಿನಿಂದ ಚರ್ಮದ ಮೇಲೇಳುವ ಒರಟು ಕಲೆಗಳಿಗೆ ಈ ಮದ್ದನ್ನು ಅಮೆರಿಕ 1999ರಲ್ಲೇ ಒಪ್ಪಿತು. ಅತಿರಕ್ತಸ್ರಾವ ಇದ್ದವರ ಗರ್ಭಕೋಶದ ಒಳಪದರ ನಾಶಮಾಡಲು 1990ರ ದಶಕದಲ್ಲಿ ಪ್ರಯೋಗವೂ ನಡೆಯಿತು, ದಿನಬಳಕೆಗೆ ಬರಲಿಲ್ಲ. ಆ ಬೆಳಕು ಮಾಂಸದೊಳಗೆ ಇಳಿಯುವುದೇ ಕೆಲವು ಮಿಲಿಮೀಟರ್. ಸೆಂಟಿಮೀಟರುಗಟ್ಟಲೆ ಗಡ್ಡೆಯ ನಡುವಿಗೆ ತಲುಪುವುದು ಹೇಗೆ? ಯಾರಾದರೂ 'ಬೆಳಕಲ್ಲೇ ಕರಗಿಸಿ ಕೊಡುತ್ತೇವೆ' ಅಂದರೆ, ಯಾವ ಮದ್ದು, ಎಷ್ಟು ಆಳ ಅಂತ ಕೇಳಿ ನೋಡಿ.

ಗಡ್ಡೆ ಗೋಡೆಯ ಮಾಂಸದೊಳಗಿದ್ದರೆ ಲೆಕ್ಕ ಬೇರೆ. ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಮಿರೇನಾ, ಗಡ್ಡೆಯ ರಕ್ತನಾಳ ಮುಚ್ಚುವ ಎಂಬೊಲೈಸೇಶನ್ ಎಲ್ಲ ಉಂಟು, ಡಾಕ್ಟರ ಹತ್ತಿರ ಮಾತಾಡಿ. 45 ದಾಟಿದ್ದರೆ ಒಳಪದರದ ಬಯಾಪ್ಸಿ ಬೇಡ ಅನ್ನಬೇಡಿ. ಹಿಮೋಗ್ಲೋಬಿನ್ ನಾಳೆಯೇ ಮಾಡಿಸಿ. ಮತ್ತೆ, ಗಡ್ಡೆ 3 ಸೆಂ.ಮೀ. ಅಂತ ಬರೆದಿದ್ದೀರಿ, ಎಲ್ಲಿದೆ ಅಂತ ಬರೆದಿಲ್ಲ. ರಿಪೋರ್ಟ್ ತೆಗೆದು ನೋಡಿ ಹೇಳಿ.