ಕೋರ್ ಒಳಗೆ ಯಾವ ಮಾಡ್ಯೂಲ್ ಇರಬೇಕು?

ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವವರು ಈ ಸಲ ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಒಂದು ಮಾಡ್ಯೂಲ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, ಎಲ್ಲ ಬಳಕೆದಾರರಿಗೂ ಹೋಗುವ ಮುಖ್ಯ ಭಾಗವಾದ ಕೋರ್‌ನ ಒಳಗಿರಬೇಕಾ, ಹೊರಗಿರಬೇಕಾ? ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಕನ್ನಡ ಪಠ್ಯಕ್ಕಾಗಿ ಪೈಥಾನ್‌ನಲ್ಲಿ ಒಂದು ಲೈಬ್ರರಿ ಬರೆದಿದ್ದೇವೆ. ಮೊದಲು ಎರಡೇ ಕೆಲಸ ಇತ್ತು. ಪದವನ್ನು ಅಕ್ಷರಗಳಾಗಿ ಬಿಡಿಸುವುದು, ಪದಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸುವುದು. ಆಮೇಲೆ ನುಡಿ ಫಾಂಟ್‌ನ ಹಳೆಯ ಕಡತಗಳನ್ನು ಯೂನಿಕೋಡ್‌ಗೆ (ಪ್ರತಿ ಚಿಹ್ನೆಗೂ ಒಂದು ನಂಬರ್ ಕೊಡುವ ಪದ್ಧತಿ) ತರುವ ಮಾಡ್ಯೂಲ್ ಸೇರಿತು. ಈಗ ಒಬ್ಬರು ಪಿಡಿಎಫ್‌ನಿಂದ ಕನ್ನಡ ಪಠ್ಯ ತೆಗೆಯುವ ಮಾಡ್ಯೂಲ್ ಕಳಿಸಿದ್ದಾರೆ. ನಮ್ಮಲ್ಲಿ ಒಬ್ಬರು 'ಜನಕ್ಕೆ ಉಪಯೋಗ ಆಗುತ್ತೆ, ಸೇರಿಸೋಣ' ಅನ್ನುತ್ತಾರೆ. ಇನ್ನೊಬ್ಬರು ಬೇಡ ಅನ್ನುತ್ತಾರೆ. ಹೇಗೆ ತೀರ್ಮಾನಿಸುವುದು? (ಶಿವಮೊಗ್ಗದ ಓದುಗರು)

ಉತ್ತರ: ಉಪಯೋಗ ಆಗುತ್ತದೆ ಅನ್ನುವುದು ನಿಜ. ಆದರೆ ಅಷ್ಟರಿಂದಲೇ ತೀರ್ಮಾನ ಮಾಡಲು ಆಗುವುದಿಲ್ಲ. ಉಪಯೋಗಕ್ಕೆ ಬಾರದ ಮಾಡ್ಯೂಲನ್ನು ಯಾರೂ ರಾತ್ರಿಯೆಲ್ಲ ಕೂತು ಬರೆದು ಕಳಿಸುವುದಿಲ್ಲ, ಅಲ್ವಾ? ನಾನು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ. ಇದನ್ನು ಹೊರಗಿಟ್ಟರೆ ಏನು ಕೆಡುತ್ತದೆ?

ಅಕ್ಷರ ಬಿಡಿಸುವ ನಿಮ್ಮ ಮಾಡ್ಯೂಲನ್ನೇ ನೋಡಿ. 'ಕನ್ನಡ' ಪದದ ಉದ್ದ ಎಷ್ಟು ಅಂತ ಪೈಥಾನನ್ನು ಕೇಳಿದರೆ 5 ಅನ್ನುತ್ತದೆ. ಎರಡು ನಕಾರ, ಅವುಗಳ ನಡುವಿನ ಹಲಂತ್ ಚಿಹ್ನೆ, ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ನಮ್ಮ ಲೆಕ್ಕಕ್ಕೆ ಅದು ಮೂರೇ ಅಕ್ಷರ. ಪದ ಜೋಡಿಸುವಾಗಲೂ ಇದೇ ಕಷ್ಟ. ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಇರುವುದು ಲಕಾರದ ಪಕ್ಕ. ನಮ್ಮ ವರ್ಣಮಾಲೆಯಲ್ಲಿ ಅದು ಬರುವುದು ಹಕಾರ ಆದಮೇಲೆ. ಕೋಡ್ ನಂಬರ್ ನೋಡಿ ಸುಮ್ನೆ ಜೋಡಿಸಿದರೆ 'ಬಳೆ' ಮೊದಲು, 'ಬಸವ' ಆಮೇಲೆ ಬರುತ್ತದೆ. ನಿಘಂಟಿನಲ್ಲಿ ಇದು ತಿರುಗುಮುರುಗು.

ಈ ಎರಡು ತಪ್ಪಿದರೆ ಇವುಗಳ ಮೇಲೆ ಕಟ್ಟಿದ್ದೆಲ್ಲ ತಪ್ಪುತ್ತದೆ. ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ಅಕ್ಷರ ಎಣಿಸಲು ಹೊರಟರೆ ಒಂದು ಮಾಡ್ಯೂಲಿನ ಉತ್ತರ ಇನ್ನೊಂದಕ್ಕೆ ತಾಳೆ ಆಗುವುದಿಲ್ಲ. ಹಾಗಾಗಿ ಇವೆರಡೂ ಕೋರ್‌ನಲ್ಲೇ ಇರಬೇಕು.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದರ ಎರಡೂ ಮುಖ ಕಾಣುತ್ತವೆ. ಅಲ್ಲಿ ಒಂದು ಸಾಲನ್ನು ಬದಲಿಸಿದರೂ ಅಳಿಸಿದರೂ ಹಳೆಯ ಪ್ರತಿ ಅಲ್ಲೇ ಉಳಿಯುತ್ತದೆ. ಅದನ್ನು ಗುಡಿಸಿ ಜಾಗ ಬಿಡಿಸುವ ಕೆಲಸಕ್ಕೆ ವ್ಯಾಕ್ಯೂಮ್ ಅಂತ ಹೆಸರು. ತಾನಾಗಿ ಗುಡಿಸುವ ಆಟೋವ್ಯಾಕ್ಯೂಮ್ ಮೊದಲು ಒಂದು ಬಿಡಿ ಪ್ರೋಗ್ರಾಂ ಆಗಿತ್ತು. ಬೇಕಾದವರು ತಾವೇ ಚಾಲೂ ಮಾಡಿಕೊಳ್ಳಬೇಕಿತ್ತು. ಗುಡಿಸುವುದನ್ನು ಮರೆತರೆ ಡೇಟಾಬೇಸ್ ಊದಿಕೊಂಡು ನಿಧಾನ ಆಗುತ್ತದೆ. ಬೇಕಾ ಬೇಡವಾ ಅಂತ ಆರಿಸಿಕೊಳ್ಳುವ ಸೌಲಭ್ಯ ಅದಲ್ಲ. 2005ರ 8.1 ಆವೃತ್ತಿಯಲ್ಲಿ ಅದನ್ನು ಸರ್ವರ್ ಒಳಗೆ ತಂದರು. 2008ರ 8.3ರಲ್ಲಿ ಯಾರೂ ಕೇಳದೆಯೇ ಚಾಲೂ ಇರುವಂತೆ ಮಾಡಿದರು. ಇನ್ನೊಂದು ಕಡೆ ಪೋಸ್ಟ್‌ಜಿಐಎಸ್ ಇದೆ. ನಕ್ಷೆ, ದೂರ, ಗಡಿಗಳ ಲೆಕ್ಕ ಮಾಡುವಂಥದ್ದು. ಅದು 2001ರಿಂದಲೂ ಹೊರಗೇ ಇದೆ. ನಕ್ಷೆ ಬೇಡದವರ ಡೇಟಾಬೇಸ್ ಅದಿಲ್ಲದೆ ಕೆಡುವುದಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಪೈಥಾನ್‌ನದು. ಟಾಮಲ್ ಅನ್ನುವ ಕಾನ್ಫಿಗರೇಶನ್ ಬರವಣಿಗೆಯನ್ನು ಓದುವ ಟಾಮಲ್‌ಲಿಬ್ 2022ರ ಅಕ್ಟೋಬರ್‌ನಲ್ಲಿ, 3.11 ಆವೃತ್ತಿಯ ಜೊತೆ, ಪೈಥಾನ್ ಒಳಗೆ ಬಂತು. ಯಾಕೆ ಬಂತು ಅಂತ ನೋಡಿ. ಪೈಥಾನ್ ಪ್ಯಾಕೇಜ್‌ಗಳ ವಿವರವನ್ನು ಟಾಮಲ್ ಫೈಲಿನಲ್ಲೇ ಇಡಬೇಕು ಅನ್ನುವ ದಾರಿ 2016ರಲ್ಲಿ ಶುರುವಾಯಿತು. ಅಂದರೆ ಪ್ಯಾಕೇಜ್ ಹಾಕಿಕೊಳ್ಳಬೇಕಾದರೆ ಟಾಮಲ್ ಓದಲು ಬರಬೇಕು. ಟಾಮಲ್ ಓದಲು ಒಂದು ಪ್ಯಾಕೇಜ್ ಬೇಕು. ಇನ್‌ಸ್ಟಾಲ್ ಮಾಡುವ ಪಿಪ್ ಅದರ ಒಂದು ನಕಲನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕಾಯಿತು. ಈ ಗಂಟು ಹೊರಗಿನಿಂದ ಬಿಡಿಸಲು ಆಗುವಂಥದ್ದಲ್ಲ.

ಹಾಗಿದ್ದರೂ ಅವರು ಆತುರ ಪಡಲಿಲ್ಲ. 2021ರ ಜನವರಿಯಲ್ಲಿ ಟಾಮಲ್ 1.0 ಬಂದು ಅದರ ನಿಯಮಗಳು ಗಟ್ಟಿಯಾದ ಮೇಲೇ ಒಳಗೆ ತಂದರು. ತಂದಿದ್ದೂ ಓದುವ ಭಾಗವನ್ನು ಮಾತ್ರ. ಟಾಮಲ್ ಬರೆಯುವಾಗ ಜಾಗ ಹೇಗೆ ಬಿಡಬೇಕು, ಟಿಪ್ಪಣಿಗಳನ್ನು ಹೇಗೆ ಉಳಿಸಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಒಮ್ಮತ ಇಲ್ಲದ ಭಾಗವನ್ನು ಹೊರಗೇ ಬಿಟ್ಟರು. ಪೂರ್ತಿ ಮಾಡ್ಯೂಲ್ ಬರಬೇಕು ಅಂತೇನಿಲ್ಲ, ಅನಿವಾರ್ಯವಾದ ಚೂರು ಬಂದರೂ ಸಾಕು. ನಾನು ಇದನ್ನು ತಿಳಿಯಲು ಬಹಳ ವರ್ಷ ಹಿಡಿಯಿತು.

ಈಗ ನಿಮ್ಮ ನುಡಿ ಪರಿವರ್ತಕ. ಬಹುಶಃ ನಿಮ್ಮ ಲೈಬ್ರರಿಗೆ ಜಾಸ್ತಿ ಜನ ಬರುವುದೇ ಅದಕ್ಕಾಗಿ. ಆದರೂ ಅದನ್ನು ಕೋರ್‌ನಿಂದ ಹೊರಗೆ ತೆಗೆಯಿರಿ ಅನ್ನುತ್ತೇನೆ. ಹಳೆಯ ಫಾಂಟ್‌ಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. 'ಅರ್ಥ' ಅಂತ ಬರೆದರೆ ಥ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಇಂಥ ಅದಲುಬದಲು ಎಷ್ಟೋ ಇವೆ. ಹೊಸ ಕಚೇರಿಯ ಕಡತಗಳ ಕಟ್ಟು ಬಿಚ್ಚಿದಾಗಲೆಲ್ಲ ನೀವು ನೋಡದ ಒಂದು ತಪ್ಪು ಸಿಗುತ್ತದೆ. ಅದನ್ನು ಮಾರನೇ ದಿನವೇ ಸರಿಮಾಡಿ ಬಿಡುಗಡೆ ಮಾಡಬೇಕು. ಕೋರ್ ಹಾಗೆ ದಿನಕ್ಕೊಂದು ಬಗೆ ಬದಲಾಗಬಾರದು. ಅಕ್ಷರ ಎಣಿಸಲು ಮಾತ್ರ ನಿಮ್ಮನ್ನು ನಂಬಿದವರು ಪ್ರತಿ ವಾರ ಅಪ್‌ಡೇಟ್ ಮಾಡಿಕೊಳ್ಳುವುದು ಯಾವ ನ್ಯಾಯ? ಪರಿವರ್ತಕ ನಿಮ್ಮದೇ ಹೆಸರಿನ ಇನ್ನೊಂದು ಪ್ಯಾಕೇಜ್ ಆಗಿರಲಿ. ಅಕ್ಕಪಕ್ಕದ ಮನೆ, ಬೇರೆ ಬೇರೆ ಬಾಗಿಲು.

ಪಿಡಿಎಫ್ ಮಾಡ್ಯೂಲ್ ಹೊರಗೇ ಇರಲಿ. ಅದಕ್ಕೆ ಬೇರೆ ದೊಡ್ಡ ಲೈಬ್ರರಿ ಬೇಕು, ಆ ಭಾರ ಎಲ್ಲರ ಮೇಲೂ ಬೀಳುತ್ತದೆ. ಲೈಸೆನ್ಸ್ ಕೂಡ ನೋಡಿಕೊಳ್ಳಿ. ಉದಾಹರಣೆಗೆ ಪೈಮ್ಯುಪಿಡಿಎಫ್ ಅನ್ನುವ ಲೈಬ್ರರಿ, ಅದನ್ನು ಸೇರಿಸಿ ಹಂಚುವವರೂ ತಮ್ಮ ಕೋಡನ್ನು ತೆರೆದಿಡಬೇಕು ಅನ್ನುವ ಎಜಿಪಿಎಲ್ ಲೈಸೆನ್ಸ್‌ನಲ್ಲಿದೆ. ನಿಮ್ಮದು ಹೆಚ್ಚು ಷರತ್ತಿಲ್ಲದ ಎಂಐಟಿ ಲೈಸೆನ್ಸ್ ಆಗಿದ್ದರೆ, ಅದನ್ನು ಕೋರ್‌ಗೆ ಕಟ್ಟಿದ ದಿನದಿಂದ ನಿಮ್ಮ ಬಳಕೆದಾರರಿಗೆ ಹೊಸ ಷರತ್ತು ಬರುತ್ತದೆ.

ಪ್ರಶ್ನೆ: ನಾನು ಆರು ತಿಂಗಳು ಕೂತು ಬರೆದ ಮಾಡ್ಯೂಲನ್ನು ಒಂದು ಪ್ರಾಜೆಕ್ಟಿನವರು ಕೋರ್‌ಗೆ ತೆಗೆದುಕೊಳ್ಳಲಿಲ್ಲ. 'ಚೆನ್ನಾಗಿದೆ, ಆದರೆ ಪ್ಲಗಿನ್ ಆಗಿ ಇಡಿ' ಅಂದರು, ಅಂದರೆ ಬೇಕಾದವರು ಹೊರಗಿನಿಂದ ಜೋಡಿಸಿಕೊಳ್ಳಲಿ ಅಂತ. ಚೆನ್ನಾಗಿದ್ದರೆ ಯಾಕೆ ಬೇಡ? ತುಂಬಾ ಬೇಜಾರಾಗಿದೆ. (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತದೆ. ಆರು ತಿಂಗಳು ಅಂದರೆ ಸಣ್ಣ ಮಾತಲ್ಲ. ಆದರೆ ಅವರು ನಿಮ್ಮ ಕೆಲಸಕ್ಕೆ ಕಡಿಮೆ ಅಂಕ ಕೊಟ್ಟಿದ್ದಾರೆ ಅಂದುಕೊಳ್ಳಬೇಡಿ.

ಪೈಥಾನ್‌ನಲ್ಲಿ ವೆಬ್‌ನಿಂದ ಏನಾದರೂ ತರಿಸಲು ಹೆಚ್ಚಿನವರು ಬಳಸುವುದು ರಿಕ್ವೆಸ್ಟ್ಸ್ ಲೈಬ್ರರಿ. ಅದನ್ನು ಪೈಥಾನ್ ಒಳಗೆ ಸೇರಿಸಬೇಕಾ ಅಂತ 2015ರಲ್ಲಿ ಪೈಥಾನ್ ಅಭಿವೃದ್ಧಿ ಮಾಡುವವರ ಸಭೆಯಲ್ಲೇ ಚರ್ಚೆ ಆಯಿತು. ಸೇರಲಿಲ್ಲ. ಸುರಕ್ಷತೆಯ ತೊಂದರೆ ಕಂಡರೆ ರಿಕ್ವೆಸ್ಟ್ಸ್ ಕೂಡಲೇ ಹೊಸ ಆವೃತ್ತಿ ಬಿಡಬೇಕು. ಪೈಥಾನ್ ನಡೆಯುವುದು ಪೈಥಾನ್‌ನ ವೇಗದಲ್ಲಿ. ಈಗಲೂ ಅದು ಹೊಸ ಸೌಲಭ್ಯಗಳ ಆವೃತ್ತಿ ತರುವುದು ವರ್ಷಕ್ಕೆ ಒಂದೇ ಸಲ, ಅಕ್ಟೋಬರ್‌ನಲ್ಲಿ. ಒಳಗೆ ಹೋಗಿದ್ದರೆ ರಿಕ್ವೆಸ್ಟ್ಸ್ ಕೈಕಾಲು ಕಟ್ಟಿ ಹಾಕಿದ ಹಾಗೆ ಆಗುತ್ತಿತ್ತು. ಪೈಥಾನ್‌ನ ಡಾಕ್ಯುಮೆಂಟೇಶನ್ ಮಾತ್ರ ತನ್ನದೇ ಯುಆರ್‌ಎಲ್‌ಲಿಬ್ ಪುಟದಲ್ಲಿ, ಸುಲಭ ಬಳಕೆಗೆ ರಿಕ್ವೆಸ್ಟ್ಸ್ ನೋಡಿ ಅಂತ ದಾರಿ ತೋರಿಸುತ್ತದೆ.

ನೀವು ಕೇಳಬೇಕಾದದ್ದೂ ಇದನ್ನೇ. ಒಳಗೆ ಸೇರಿಸಿ ಅಂತ ಮತ್ತೆ ಹಠ ಹಿಡಿಯಬೇಡಿ. ನಿಮ್ಮ ಡಾಕ್ಯುಮೆಂಟೇಶನ್‌ನಲ್ಲಿ ನನ್ನ ಪ್ಲಗಿನ್ ಹೆಸರು ಹಾಕಿ ಅನ್ನಿ. ಪ್ಲಗಿನ್ ಬರೆಯುವಾಗ ಕೋರ್‌ನ ಯಾವ ಒಳಭಾಗಕ್ಕೆ ಕೈಹಾಕಬೇಕಾಯಿತೋ ಅಲ್ಲೊಂದು ಸರಿಯಾದ ಬಾಗಿಲು ಮಾಡಿಕೊಡಿ ಅಂತಲೂ ಕೇಳಿ. ಅಂಥ ಬಾಗಿಲು ಮುಂದೆ ಬರುವ ಪ್ಲಗಿನ್‌ಗಳಿಗೂ ಆಗುತ್ತದೆ. ಆ ಸಣ್ಣ ಬದಲಾವಣೆಯ ಪುಲ್ ರಿಕ್ವೆಸ್ಟ್ (ಈ ಕೋಡ್ ಸೇರಿಸಿಕೊಳ್ಳಿ ಅನ್ನುವ ಮನವಿ) ನೀವೇ ಕಳಿಸಿ. ಅದನ್ನು ಅವರು ಸಂತೋಷದಿಂದ ತೆಗೆದುಕೊಳ್ಳುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಹೆಚ್ಚು ಡೌನ್‌ಲೋಡ್ ಆಗುವ ಪ್ಲಗಿನ್‌ಗಳನ್ನು ಕೋರ್‌ಗೆ ತರುತ್ತಾ ಹೋದರೆ ಆಗದೇ? ಬಳಸುವವರೇ ವೋಟು ಹಾಕಿದ ಹಾಗೆ ಆಯಿತಲ್ಲ? (ಮಂಗಳೂರಿನ ಓದುಗರು)

ಉತ್ತರ: ಆ ಲೆಕ್ಕ ನೋಡಿ, ಆದರೆ ಅದೊಂದನ್ನೇ ನೋಡಬೇಡಿ. ವೆಬ್‌ಸೈಟ್ ಕಟ್ಟಲು ಬಳಸುವ ಡ್ರೂಪಲ್‌ನಲ್ಲಿ ಪಟ್ಟಿಗಳನ್ನು ಕಟ್ಟಿಕೊಡುವ ವ್ಯೂಸ್ ಮಾಡ್ಯೂಲ್ ಬಹಳ ವರ್ಷ ಹೊರಗಿತ್ತು. ಲೆಕ್ಕವಿಲ್ಲದಷ್ಟು ಸೈಟುಗಳು ಬಳಸುತ್ತಿದ್ದವು. 2015ರ ನವೆಂಬರ್‌ನಲ್ಲಿ ಬಂದ ಡ್ರೂಪಲ್ 8ರಲ್ಲಿ ಕೋರ್ ಸೇರಿತು. ಜನಪ್ರಿಯತೆ ಒಂದು ಕಾರಣ ಹೌದು. ಆದರೆ ನನಗೆ ಮುಖ್ಯ ಅನ್ನಿಸುವುದು ಅದರ ಬೆನ್ನಿಗೇ ಆದ ಕೆಲಸ. ಕೋರ್‌ನ ಸ್ವಂತ ಆಡಳಿತ ಪುಟಗಳನ್ನೇ ವ್ಯೂಸ್ ಮೇಲೆ ಕಟ್ಟಿದರು. ಕೋರ್ ತಾನೇ ಬಳಸುವ ಮಾಡ್ಯೂಲ್ ಕೆಟ್ಟರೆ ಅದೇ ದಿನ ಗೊತ್ತಾಗುತ್ತದೆ. ಅದೇ ಡ್ರೂಪಲ್ 8 ಬ್ಲಾಗ್, ಪೋಲ್ ಮಾಡ್ಯೂಲ್‌ಗಳನ್ನು ಹೊರಗೆ ಕಳಿಸಿತು.

ಪ್ರಶ್ನೆ: ಶಾಲಾ ಗ್ರಂಥಾಲಯಗಳಿಗೆ ಪುಸ್ತಕದ ಲೆಕ್ಕ ಇಡುವ ಸಾಫ್ಟ್‌ವೇರ್ ನಡೆಸುತ್ತಿದ್ದೇವೆ. ಪುಸ್ತಕ ಹಿಂದಿರುಗಿಸಿ ಅಂತ ಎಸ್ಸೆಮ್ಮೆಸ್ ಕಳಿಸುವ ಮಾಡ್ಯೂಲ್ ಕೋರ್‌ನಲ್ಲೇ ಇದೆ. ಬರೆದವರು ಬಿಟ್ಟು ನಾಲ್ಕು ವರ್ಷ ಆಯಿತು. ನಮ್ಮಲ್ಲಿ ಯಾರಿಗೂ ಅದು ಅರ್ಥ ಆಗುವುದಿಲ್ಲ. ತೆಗೆದರೆ ಬಳಸುವ ಶಾಲೆಯವರು ಬೈಯುತ್ತಾರೆ. ಏನು ಮಾಡುವುದು? (ಧಾರವಾಡದ ಓದುಗರು)

ಉತ್ತರ: ಇದೇ ನೋವನ್ನು ನಾನೂ ಉಂಡಿದ್ದೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ವರದಿ ಮುದ್ರಿಸುವ ಮಾಡ್ಯೂಲನ್ನು ಸ್ನೇಹಿತ ಬರೆದ ಅನ್ನುವ ಒಂದೇ ಕಾರಣಕ್ಕೆ ಒಳಗೆ ಸೇರಿಸಿದೆ. ಅವನಿಗೆ ಬೇರೆ ಕೆಲಸ ಸಿಕ್ಕಿತು, ಹೋದ. ಅವನದು ತಪ್ಪಲ್ಲ. ಆ ಕೋಡ್‌ನ ಬಗ್‌ಗಳನ್ನು ನಾನು ಮೂರು ವರ್ಷ ಹೊತ್ತೆ. ಇವತ್ತು ಹೊಸ ಮಾಡ್ಯೂಲ್ ಬಂದರೆ ಇಬ್ಬರ ಹೆಸರು ಕೇಳುತ್ತೇನೆ. ಒಬ್ಬರು ಬರೆದವರು, ಇನ್ನೊಬ್ಬರು ಅವರಿಲ್ಲದಾಗ ನೋಡಿಕೊಳ್ಳುವವರು.

ನಿಮ್ಮ ಮಾಡ್ಯೂಲಿಗೆ ಇನ್ನೂ ಒಂದು ಕಷ್ಟ ಇದೆ. ಎಸ್ಸೆಮ್ಮೆಸ್ ನಿಮ್ಮ ಕೈಯಲ್ಲಿ ಇಲ್ಲ. ಸಂದೇಶ ಸಾಗಿಸುವ ಗೇಟ್‌ವೇ ಕಂಪನಿ ತನ್ನ ಎಪಿಐ, ಅಂದರೆ ನಿಮ್ಮ ಪ್ರೋಗ್ರಾಂ ಅದರ ಜೊತೆ ಮಾತಾಡುವ ರೀತಿಯನ್ನು, ಬದಲಿಸುತ್ತದೆ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಹೊರಗಿನವರ ನಿಯಮಕ್ಕೆ ತಕ್ಕಂತೆ ಕುಣಿಯಬೇಕಾದ್ದು ಕೋರ್‌ನಲ್ಲಿ ಇರಬಾರದು. ಪೈಥಾನ್‌ಗೂ ಈ ಅನುಭವ ಆಗಿದೆ. ಹಳೆಯ ಯೂಸ್‌ನೆಟ್ ಸುದ್ದಿ ಗುಂಪುಗಳ ಎನ್‌ಎನ್‌ಟಿಪಿಲಿಬ್ ಅದರೊಳಗಿತ್ತು. ಪೈಥಾನ್ ಬಳಿ ಸರ್ವರ್ ಭಾಗ ಇರಲಿಲ್ಲ. ಹಾಗಾಗಿ ಅದರ ಪರೀಕ್ಷೆಗಳು ಹೊರಗಿನ ಸರ್ವರ್‌ಗೆ ಹೋಗಿ ಬರಬೇಕಿತ್ತು. ಆ ಸರ್ವರ್ ನಿಧಾನ ಆದರೆ, ನಿಂತರೆ, ಪೈಥಾನ್‌ನ ಪರೀಕ್ಷೆಯೇ ಫೇಲ್.

ಅಂಥ ಮಾಡ್ಯೂಲ್‌ಗಳನ್ನು ತೆಗೆಯುವ ಪ್ರಸ್ತಾವ, ಪೆಪ್ 594, ಶುರುವಾಗಿದ್ದು 2019ರಲ್ಲಿ. ಒಪ್ಪಿಗೆ ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನ 3.11ರಲ್ಲಿ 'ಇದು ಹೋಗಲಿದೆ' ಅನ್ನುವ ಎಚ್ಚರಿಕೆ ಕಾಣಿಸತೊಡಗಿತು. ಸಿಜಿಐ, ಕ್ರಿಪ್ಟ್, ಟೆಲ್‌ನೆಟ್‌ಲಿಬ್, ಎನ್‌ಎನ್‌ಟಿಪಿಲಿಬ್ ಸೇರಿ 19 ಮಾಡ್ಯೂಲ್‌ಗಳು ಕೊನೆಗೂ ಹೋದದ್ದು 2024ರ ಅಕ್ಟೋಬರ್‌ನ 3.13ರಲ್ಲಿ. ಐದು ವರ್ಷಕ್ಕೂ ಜಾಸ್ತಿ! ಒಳಗೆ ಬರಲು ಕೋಡ್ ಸೇರಿಸುವ ಒಂದು ಮರ್ಜ್ ಸಾಕು, ಹೊರಗೆ ಹೋಗಲು ಇಷ್ಟು ಕಾಲ. ಸಿಜಿಐ ಬಿಡಲಾಗದವರಿಗೆ ಅದೇ ಕೋಡ್ ಬಿಡಿ ಪ್ಯಾಕೇಜ್ ಆಗಿ ಈಗಲೂ ಸಿಗುತ್ತದೆ.

ನೀವೂ ಹಾಗೇ ಮಾಡಿ. ಮೊದಲು ಎಸ್ಸೆಮ್ಮೆಸ್ ಭಾಗವನ್ನು ಬಿಡಿ ಪ್ಲಗಿನ್ ಮಾಡಿ ಬಿಡುಗಡೆ ಮಾಡಿ. ಅದು ಹಳೆಯ ಸೆಟ್ಟಿಂಗ್‌ಗಳನ್ನೇ ಓದುವಂತಿರಲಿ. ಆಮೇಲಿನ ಆವೃತ್ತಿಯಲ್ಲಿ, ಅದನ್ನು ಬಳಸುವ ಶಾಲೆಗಳಿಗೆ ಮಾತ್ರ ಕಾಣುವಂತೆ ಕನ್ನಡದಲ್ಲಿ ಒಂದು ಸೂಚನೆ ಹಾಕಿ. ಯಾವ ತಿಂಗಳಲ್ಲಿ ಹೋಗುತ್ತದೆ, ಪ್ಲಗಿನ್ ಹೇಗೆ ಹಾಕಿಕೊಳ್ಳಬೇಕು ಅಂತ. ಒಂದು ಪೂರ್ತಿ ಶಾಲಾ ವರ್ಷ ಬಿಡಿ. ಪರೀಕ್ಷೆಯ ಸಮಯದಲ್ಲಿ ಮಾತ್ರ ತೆಗೆಯಬೇಡಿ, ಬೇಸಿಗೆ ರಜೆಯಲ್ಲಿ ತೆಗೆಯಿರಿ.

ಆ ಶಾಲೆಗಳಿಗೆ ಒಂದು ಸಲ ಫೋನ್ ಮಾಡಿ ಮಾತಾಡಿ ಅಂತಲೂ ಕೇಳಿಕೊಳ್ಳುತ್ತೇನೆ. ಪೈಥಾನ್‌ನವರು ತೆಗೆಯಬೇಕಾದ ಪಟ್ಟಿ ಮಾಡುವಾಗ ಧ್ವನಿ ಫೈಲ್‌ಗಳ ವೇವ್ ಮಾಡ್ಯೂಲ್ ಬಗ್ಗೆಯೂ ಮಾತು ಬಂತು. ಅದರ ಜೊತೆಯ ಎಐಎಫ್‌ಸಿ, ಸನ್‌ಎಯು ಎರಡೂ ಹೋದವು. ವೇವ್ ಉಳಿಯಿತು. ಮಕ್ಕಳಿಗೆ ಕಲಿಸಲು ಅದು ಸುಲಭ, ಅದರಿಂದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಸದ್ದು ಮಾಡಿಸಬಹುದು ಅಂತ ಕಲಿಸುವವರೊಬ್ಬರು ಹೇಳಿದ್ದರು. ಆ ಕಾರಣ ಯಾವ ಡೌನ್‌ಲೋಡ್ ಲೆಕ್ಕದಲ್ಲೂ ಸಿಗುತ್ತಿರಲಿಲ್ಲ.