ಮರುಭೂಮಿಯ ತಳಶಿಲೆಯಲ್ಲಿ ಸಾಗರತಳದ ಕಲ್ಲು

ಪ್ರಶ್ನೆ: ಈಜಿಪ್ಟಿನಲ್ಲಿ ನೈಲ್ ನದಿಗೂ ಕೆಂಪು ಸಮುದ್ರಕ್ಕೂ ನಡುವೆ ಇರುವ ಪೂರ್ವ ಮರುಭೂಮಿಯ ಬೆಟ್ಟಗಳಲ್ಲಿ ಸಾಗರತಳದ ಪ್ರಾಚೀನ ಶಿಲೆಗಳಿವೆ ಎಂದು ಓದಿದೆ. ಅವು ಕೆಂಪು ಸಮುದ್ರದಿಂದಲೇ ಮೇಲೆದ್ದು ಬಂದವೇ?

ಉತ್ತರ: ಇಲ್ಲ. ಕೆಂಪು ಸಮುದ್ರದ ಬಿರುಕು ತೆರೆಯತೊಡಗಿ ಸುಮಾರು 3 ಕೋಟಿ ವರ್ಷಗಳಾಗಿವೆಯಷ್ಟೆ. ನೀವು ಕೇಳಿದ ಶಿಲೆಗಳಾದರೋ 70 ಕೋಟಿ ವರ್ಷಗಳಿಗೂ ಹಿಂದಿನವು. ಅವು ಮೊಜಾಂಬಿಕ್ ಸಾಗರ ಎಂದು ಭೂವಿಜ್ಞಾನಿಗಳು ಕರೆಯುವ, ಈಗ ಸಂಪೂರ್ಣವಾಗಿ ಮುಚ್ಚಿಹೋಗಿರುವ ಸಾಗರಕ್ಕೆ ಸೇರಿದವು.

ರೊಡಿನಿಯಾ ಮಹಾಖಂಡ ಒಡೆದಾಗ ತೆರೆದುಕೊಂಡ ಆ ಸಾಗರದಲ್ಲಿ, ಭೂಮಿಯ ಹೊರಪದರದ ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುತ್ತಿದ್ದ ಕಡೆಗಳಲ್ಲೆಲ್ಲ ಜ್ವಾಲಾಮುಖಿ ದ್ವೀಪಗಳ ಸಾಲುಗಳು ಹುಟ್ಟಿದವು. ಸುಮಾರು 87 ಕೋಟಿ ವರ್ಷಗಳ ಹಿಂದೆ ಶುರುವಾದ ಈ ಕ್ರಿಯೆಯಲ್ಲಿ ಸಾಗರ ಕಿರಿದಾಗುತ್ತ ಬಂದಂತೆ ದ್ವೀಪಸಾಲುಗಳು ಒಂದಕ್ಕೊಂದು ಅಪ್ಪಳಿಸಿ ಬೆಸೆದುಕೊಂಡವು. ಅವುಗಳ ನಡುವೆ ಸಿಕ್ಕಿಬಿದ್ದ ಸಾಗರತಳದ ಚೂರುಗಳು ಕೆಳಗಿಳಿಯದೆ ಮೇಲೆಯೇ ಉಳಿದವು. ಇಂಥ ಚೂರುಗಳಿಗೆ ಓಫಿಯೊಲೈಟ್ ಎಂದು ಹೆಸರು. ವಾದಿ ಘದೀರ್ ಕಣಿವೆಯಲ್ಲಿ ನೀರಿನೊಳಗೆ ಹರಿದು ದಿಂಬುಗಳಂತೆ ಗಟ್ಟಿಯಾದ ಲಾವಾ, ಅದಕ್ಕೆ ಶಿಲಾರಸ ಪೂರೈಸಿದ ಡೈಕ್‌ಗಳು (ಬಿರುಕುಗಳಲ್ಲಿ ಗಟ್ಟಿಯಾದ ಶಿಲಾಗೋಡೆಗಳು) ಮತ್ತು ಆಳದಲ್ಲಿ ನಿಧಾನವಾಗಿ ತಣಿದ ಗ್ಯಾಬ್ರೊ ಶಿಲೆ ಇಂದಿಗೂ ಕಾಣಸಿಗುತ್ತವೆ. ದಕ್ಷಿಣದ ಅಲ್ಲಾಕಿ–ಹೈಯಾನಿ ಪಟ್ಟಿಯಂಥ ಬೆಸುಗೆ ರೇಖೆಗಳ ಉದ್ದಕ್ಕೂ ಭೂಕವಚದ ಕೆಳಗಿನ ಪದರವಾದ ಮ್ಯಾಂಟಲ್‌ನ ಶಿಲೆ ನೀರನ್ನು ಹೀರಿ ಸರ್ಪೆಂಟಿನೈಟ್ ಎಂಬ ಶಿಲೆಯಾಗಿ ಮಾರ್ಪಟ್ಟು ನಿಂತಿದೆ.

ಈ ಪ್ರದೇಶದ ನಿಜವಾದ ಮಹತ್ವ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅರೇಬಿಯನ್–ನ್ಯೂಬಿಯನ್ ಶೀಲ್ಡ್ ಎಂಬ ಈ ತಳಶಿಲೆಯ ಬಹುಭಾಗ ಹಳೆಯ ಖಂಡವೊಂದು ಮತ್ತೆ ಕರಗಿ ಆದದ್ದಲ್ಲ, ಮ್ಯಾಂಟಲ್‌ನಿಂದ ಹೊಸದಾಗಿ ಬೇರ್ಪಟ್ಟ ಭೂಕವಚ. ಶಿಲೆಗಳಲ್ಲಿರುವ ನಿಯೋಡಿಮಿಯಮ್ ಎಂಬ ಲೋಹದ ಐಸೊಟೋಪುಗಳ ಅನುಪಾತ ಇದನ್ನೇ ಹೇಳುತ್ತದೆ. ಆಳದಲ್ಲಿರುವುದೆಲ್ಲ ಹೆಚ್ಚು ಹಳೆಯದೆಂದು ಭಾವಿಸುವುದೂ ಇಲ್ಲಿ ಸಲ್ಲದು. ಇದೇ ಮರುಭೂಮಿಯ, ಗುಮ್ಮಟದಂತೆ ಉಬ್ಬಿದ ಮಿಯಾತಿಕ್ ಶಿಲಾರಚನೆಯ ನೈಸ್ ಶಿಲೆಗಳನ್ನು (ಶಾಖ, ಒತ್ತಡಗಳಿಂದ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಶಿಲೆಗಳನ್ನು) ದ್ವೀಪಸಾಲುಗಳಿಗಿಂತ ಹಿಂದಿನ ಖಂಡದ ಅವಶೇಷವೆಂದು ಹಲವರು ನಂಬಿದ್ದರು. ಆದರೆ ಅಲ್ಲಿನ ಗ್ರಾನೈಟ್ ಮೂಲದ ನೈಸ್‌ನ ಜಿರ್ಕಾನ್ ಹರಳುಗಳನ್ನು ಯುರೇನಿಯಂ–ಸೀಸ ವಿಧಾನದಿಂದ ಅಳೆದಾಗ ದೊರೆತ ವಯಸ್ಸು ಸುಮಾರು 63 ಕೋಟಿ ವರ್ಷ, ಅಂದರೆ ಮೇಲೆ ಕುಳಿತ ಓಫಿಯೊಲೈಟ್‌ಗಿಂತಲೂ ಕಿರಿಯದು.

ಪೂರ್ವ ಮತ್ತು ಪಶ್ಚಿಮ ಗೊಂಡ್ವಾನಾ ಎಂಬ ಎರಡು ಭೂಖಂಡಗಳು ಕೂಡಿಕೊಂಡ ಕೊನೆಯ ಹಂತದಲ್ಲಿ ವಾಯವ್ಯ–ಆಗ್ನೇಯ ದಿಕ್ಕಿನ ನಜ್ದ್ ಸ್ತರಭಂಗಗಳು ಇಡೀ ನೆಲವನ್ನು ಅಡ್ಡಡ್ಡ ಜಾರಿಸಿದವು. ಇಲ್ಲಿನ ದುಖಾನ್ ಎಂಬ ಜ್ವಾಲಾಮುಖಿ ಶಿಲೆಗಳು ಮತ್ತು ಕೆಂಪು ಗ್ರಾನೈಟ್‌ಗಳು ಬಹುಮಟ್ಟಿಗೆ ಆ ಸುಮಾರಿನವು. ರೋಮನ್ ಚಕ್ರವರ್ತಿಗಳು ತರಿಸಿಕೊಳ್ಳುತ್ತಿದ್ದ ನೇರಳೆ ಪೋರ್ಫಿರಿ ದುಖಾನ್ ಶಿಲೆಗಳದೇ ಒಂದು ಬಗೆ.

ಬಳಿಕ ಪರ್ವತಗಳು ಸವೆದು ಸಮತಟ್ಟಾದವು. ಅವುಗಳ ಮೇಲೆ ಮರಳುಶಿಲೆ ಹಾಸಿಕೊಂಡಿತು. ಕೆಂಪು ಸಮುದ್ರದ ಪಾತ್ರ ಬರುವುದು ಇಷ್ಟೆಲ್ಲ ಆದ ಮೇಲೆ: ಬಿರುಕಿನ ಎರಡೂ ಅಂಚುಗಳು ಮೇಲೆದ್ದು, ಮರಳುಶಿಲೆಯ ಹೊದಿಕೆ ಕೊಚ್ಚಿಹೋಗಿ, ತಳಶಿಲೆ ಬಯಲಾಯಿತು. ಎದುರು ದಡದ ಸೌದಿ ಅರೇಬಿಯಾದಲ್ಲಿ ಇದೇ ಶಿಲಾಪಟ್ಟಿಗಳು ಮುಂದುವರಿಯುವುದೂ ಆ ಬಿರುಕು ಒಂದೇ ತಳಶಿಲೆಯನ್ನು ಎರಡಾಗಿ ಸೀಳಿದ್ದರಿಂದಲೇ.