ತಾರಸಿ ಪೈಪನ್ನು ಯುಜಿಡಿಗೆ (ಒಳಚರಂಡಿಗೆ) ಬಿಟ್ಟಿದ್ದೀರಾ?

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಈ ಸಲ ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ:

"ತಾರಸಿ ಪೈಪನ್ನು ಯುಜಿಡಿ ಚೇಂಬರ್‌ಗೆ ಸೇರಿಸಿದ್ದೇನೆ. ಮಳೆ ನೀರು ಶುದ್ಧ ತಾನೇ? ಕೊಳಚೆ ತೆಳುವಾದರೆ ಶುದ್ಧೀಕರಣ ಘಟಕಕ್ಕೂ ಕೆಲಸ ಕಡಿಮೆ ಅಲ್ವಾ?"

ಕಡಿಮೆ ಆಗಲ್ಲ ಸ್ವಾಮಿ, ಕೆಲಸವೇ ಕೆಡುತ್ತದೆ. ಲೆಕ್ಕ ನೋಡಿ. ಐದು ಜನರ ಮನೆ, ತಲೆಗೆ ದಿನಕ್ಕೆ 135 ಲೀಟರ್ ಬಳಕೆ ಹಿಡಿದರೆ, ಅದರಲ್ಲಿ ಕೊಳಚೆಯಾಗಿ ಹೊರಗೆ ಹೋಗುವುದು ನೂರಕ್ಕೆ ಎಂಬತ್ತು ಪಾಲು, ಸುಮಾರು 540 ಲೀಟರ್. ಸಾವಿರ ಚದರಡಿ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,850 ಲೀಟರ್! ಮೂರು ದಿನದ ಕೊಳಚೆಗಿಂತ ಜಾಸ್ತಿ ನೀರನ್ನು ಒಂದೇ ಮಳೆಗೆ ತಳ್ಳಿದಿರಿ. ಬೀದಿಯವರೆಲ್ಲ ಹೀಗೇ ಮಾಡಿದರೆ ಮೊದಲು ತಗ್ಗಿನ ಮನೆಯವರ ಬಚ್ಚಲಲ್ಲಿ ಕೊಳಚೆ ಉಕ್ಕುತ್ತದೆ. ಅವರು ಬೈಯುವುದು ಮಾತ್ರ ಘಟಕ ನಡೆಸುವ ನಮ್ಮನ್ನು.

ಘಟಕದಲ್ಲಿ ಕೊಳೆ ತಿನ್ನುವುದು ಮಿಷನ್ ಅಲ್ಲ, ಸೂಕ್ಷ್ಮಜೀವಿಗಳು. ಒಂದು ತೊಟ್ಟಿಯಲ್ಲಿ ಅವಕ್ಕೆ ಗಾಳಿ ಊದುತ್ತೇವೆ. ಮುಂದಿನ ತೊಟ್ಟಿಯಲ್ಲಿ ಅವು ಕಂದು ಬಗ್ಗಡವಾಗಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ. ಬಗ್ಗಡದಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೇ ಕಳಿಸುತ್ತೇವೆ. ನಾಳೆಯ ಮೊಸರಿಗೆ ಇವತ್ತೇ ಹೆಪ್ಪು ಎತ್ತಿಡುವುದಿಲ್ಲವೇ, ಹಾಗೆ.

ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡುತ್ತೇವೆ. ಒಳ್ಳೆಯ ದಿನಗಳಲ್ಲಿ ಕಾಲು ಜಾಡಿಯಷ್ಟು ಬಗ್ಗಡ ಕೂರುತ್ತದೆ. ಜೋರು ಮಳೆಯ ಮರುದಿನ ನೋಡಿದ್ದೇನೆ, ತಳದಲ್ಲಿ ಬೆರಳಗಲವೂ ಇಲ್ಲ. ನೀರಿನ ಸೆಳೆತಕ್ಕೆ ಕೂರಲು ಬಿಡುವು ಸಿಗದೆ ಹೆಪ್ಪೇ ಕೊಚ್ಚಿಹೋಗಿದೆ. ಅದು ಮತ್ತೆ ಬೆಳೆಯಲು ದಿನಗಳು ಬೇಕು, ಕೆಲವೊಮ್ಮೆ ವಾರಗಳೇ ಬೇಕು. ಅಲ್ಲಿಯವರೆಗೆ ಅರೆಬರೆ ಶುದ್ಧವಾದ ನೀರೇ ಹಳ್ಳಕ್ಕೆ, ಹಳ್ಳದಿಂದ ತುಂಗಭದ್ರೆಗೆ. ಉಳಿದ ಕೊಳೆ ಅಲ್ಲಿ ಕೊಳೆಯುತ್ತಾ ನೀರಿನ ಆಮ್ಲಜನಕ ಹೀರುತ್ತದೆ. ಮಳೆ ಬಿಟ್ಟು ಹಳ್ಳ ಇಳಿದ ಮೇಲೆ ಮೀನು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ.

ಪೈಪನ್ನು ಈ ವಾರವೇ ಕತ್ತರಿಸಿ. ಸಂಪಿಗೋ ಇಂಗುಗುಂಡಿಗೋ ಬಿಡಿ, ಅದೂ ಆಗದಿದ್ದರೆ ಮಳೆ ನೀರಿನ ಚರಂಡಿಗೆ ಬಿಡಿ. ಆದರೆ ಚರಂಡಿ ಕಟ್ಟಿಕೊಂಡದ್ದನ್ನು ಬಿಡಿಸಲೆಂದು ಮ್ಯಾನ್‌ಹೋಲ್‌ಗೆ ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಇಳಿದವನು ಮೇಲೆ ಬರುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯೂ ಸುರಕ್ಷತಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು ನಿಷೇಧಿಸಿದೆ. ರಭಸದ ನೀರು ಹಾಯಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಮಿಷನ್ ಕರೆಸಿ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವನಲ್ಲ.

ಇನ್ನುಳಿದವು.

"ಬೆಣ್ಣೆ ದೋಸೆ ಹೋಟೆಲ್ ನಮ್ಮದು. ಜಿಡ್ಡು ಹೋಗಲು ಸಿಂಕಿಗೆ ಬಿಸಿನೀರು ಹೊಯ್ದರೆ ಸಾಕಾ?" ನಿಮ್ಮ ಪೈಪಿನಲ್ಲಿ ಕರಗಿದ್ದು ಮುಂದಿನ ಬೀದಿಯಲ್ಲಿ ಗಟ್ಟಿಯಾಗುತ್ತದೆ. ಜಿಡ್ಡು ಹಿಡಿಯುವ ತೊಟ್ಟಿ ಕಟ್ಟಿಸಿ.

"ಶುದ್ಧೀಕರಿಸಿದ ನೀರು ಕುಡಿಯಬಹುದಾ?" ಬೇಡ. ಪಾರ್ಕಿಗೆ ಬಿಡಿ, ಕಟ್ಟಡ ಕೆಲಸಕ್ಕೆ ಬಳಸಿ.

"ಚೇಂಬರ್‌ಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಸುರಿಯುತ್ತೇನೆ, ಒಳ್ಳೆಯದಲ್ವಾ?" ಬ್ಲೀಚಿಂಗ್ ಕೊಲ್ಲುವುದು ಆ ಸೂಕ್ಷ್ಮಜೀವಿಗಳನ್ನೇ. ಹೆಪ್ಪಿನ ಕಥೆ ಇನ್ನೊಮ್ಮೆ ಓದಿ.

"ಬ್ಯಾಕ್ಟೀರಿಯಾ ಪುಡಿ ಮಾರುವವರು ಬಂದಿದ್ದಾರೆ. ಕೆರೆಗೆ ಚೆಲ್ಲಿದರೆ ಕೊಳಚೆ ತಿಳಿಯಾಗುತ್ತದಂತೆ?" ಕೊಳಚೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರವೇ? ಅಲ್ಲಿ ಇಲ್ಲದಿರುವುದು ಗಾಳಿ. ಪುಡಿ ಮಾರುವವನನ್ನೇ ದಡದಲ್ಲಿ ಕೂತು ಊದಲು ಹೇಳಿ.